ಹಸಿ ಮಾಂಸವೋ, ಬೇಯಿಸಿದ್ದೋ, ಚೀಲದ್ದೋ: ಕಾಯಿಲೆ ಇರುವ ಎರಡು ನಾಯಿಗಳ ಊಟ

ನಮ್ಮ ತೋಟದ ಮನೆಯಲ್ಲಿ ಎರಡು ನಾಯಿಗಳಿವೆ. ಜೂಲಿ ಲ್ಯಾಬ್ರಡಾರ್. ಅವಳಿಗೆ ಚರ್ಮದ ಅಲರ್ಜಿ, ವರ್ಷವಿಡೀ ಕೆರೆತ, ಕಿವಿ ಸೋರುವುದು. ಕರಿಯ ನಾಟಿ ನಾಯಿ, ವಯಸ್ಸಾಗಿದೆ. ಹಿಂದೆ ಉಣ್ಣಿ ಜ್ವರ ಬಂದಿತ್ತು, ಈಗ ಕಿಡ್ನಿ ಸೋತಿದೆ. ‘ಹಸಿ ಮಾಂಸ ಹಾಕಿ ನೋಡಿ, ಎಲ್ಲಾ ಸರಿಹೋಗುತ್ತೆ’ ಅಂತ ಬೆಂಗಳೂರಿನ ನೆಂಟರಿಂದ ಹಿಡಿದು ಪಕ್ಕದ ತೋಟದವರವರೆಗೆ ಎಲ್ಲರೂ ಹೇಳಿದವರೇ. ಹಸಿ ಮಾಂಸ, ಮನೆಯಲ್ಲಿ ಬೇಯಿಸಿದ್ದು, ಡಾಕ್ಟರ್ ಬರೆದುಕೊಡುವ ಚೀಲದ ಫುಡ್, ಮೂರನ್ನೂ ಹಾಕಿ ನೋಡಿದ್ದೇನೆ. ಕರಿಯನಿಗೆ ಹಸಿ ಮಾಂಸ ಮಾತ್ರ ಹಾಕಲಿಲ್ಲ. ಅದರ ಕಾರಣ ಮುಂದೆ ಹೇಳುತ್ತೇನೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಜೂಲಿಗೆ ಗುಣ ಕಂಡದ್ದು ಯಾವ ಪ್ರಾಣಿಯ ಮಾಂಸ ಹಾಕಿದೆವು ಅನ್ನುವುದರಿಂದ. ಅದು ಹಸಿಯೋ ಬೆಂದದ್ದೋ ಅನ್ನುವುದರಿಂದ ಏನೂ ಆಗಲಿಲ್ಲ.

ಹಸಿ ಮಾಂಸ ಶುರು ಮಾಡಿದ್ದು ಅವಳ ಸ್ಟೀರಾಯ್ಡ್ ಮಾತ್ರೆ ಪೂರ್ತಿ ನಿಂತ ಮೇಲೆ. ಅದು ಡಾಕ್ಟರ್ ಹಾಕಿದ ಶರತ್ತು. ಸ್ಟೀರಾಯ್ಡ್ ತಗೊಳ್ಳುವ ನಾಯಿಗೆ ರೋಗ ತಡೆಯುವ ಶಕ್ತಿ ಕಡಿಮೆ ಇರುತ್ತದೆ, ಹಸಿ ಮಾಂಸದ ಬ್ಯಾಕ್ಟೀರಿಯಾ ಅಂಥ ನಾಯಿಗೆ ಬೇಗ ತಗಲುತ್ತದೆ. ಅಳತೆ ಎಲ್ಲರೂ ಹೇಳುವುದೇ: ನೂರಕ್ಕೆ 80 ಪಾಲು ಮಾಂಸ, 10 ಪಾಲು ಮೂಳೆ, ಉಳಿದ 10ರಲ್ಲಿ ಅರ್ಧ ಲಿವರ್, ಇನ್ನರ್ಧ ಬೇರೆ ಒಳಾಂಗ. ದಿನಕ್ಕೆ ನಾಯಿಯ ತೂಕದ ಶೇಕಡಾ 2ರಿಂದ 3. ಜೂಲಿ ಮೂವತ್ತು ಕಿಲೋ ಹತ್ತಿರ ಇರುವುದರಿಂದ ಮುಕ್ಕಾಲು ಕಿಲೋ ಆಯಿತು.

ಮೊದಲು ಕೋಳಿ. ಅಂಗಡಿಯಲ್ಲಿ ಕತ್ತು, ಬೆನ್ನಿನ ಮೂಳೆ ಬೇರೆ ಕವರಿಗೆ ಹಾಕಿ, ಚೆನ್ನಾಗಿರುವುದನ್ನೇ ಕೊಡಿ ಅಂದರೆ ಅವರಿಗೆ ನಗು. ‘ನಾಯಿಗೆ ತಾನೇ ಅಣ್ಣಾ?’ ಜೂಲಿಗಂತೂ ಹಬ್ಬ. ಕಕ್ಕ ಸಣ್ಣದಾಯಿತು, ಗಟ್ಟಿಯಾಯಿತು, ವಾಸನೆ ಕಡಿಮೆಯಾಯಿತು. ಹಲ್ಲಿನ ಹಳದಿ ಪಾಚಿಯೂ ಕಡಿಮೆಯಾಯಿತು. ಇದನ್ನೆಲ್ಲ ಇಲ್ಲ ಅನ್ನಲಾರೆ. ಆದರೆ ಕೆರೆತ ಹಾಗೇ ಇತ್ತು, ಕಿವಿ ಹಾಗೇ ಸೋರುತ್ತಿತ್ತು.

ಆಮೇಲೆ ಕೋಳಿ ಪೂರ್ತಿ ಬಿಟ್ಟು ಕುರಿ ಮಾಂಸ. ಅದೂ ಹಸಿಯೇ. ಅಲರ್ಜಿ ಹೌದೋ ಅಲ್ಲವೋ ತಿಳಿಯಲು ಒಂದೇ ಮಾಂಸದ ಮೇಲೆ ಕನಿಷ್ಠ 8 ವಾರ ಇಡಬೇಕು, ನಡುವೆ ಬಿಸ್ಕೆಟ್ ಚೂರೂ ಕೊಡಬಾರದು ಅಂತ ಡಾಕ್ಟರ್ ಹೇಳಿದ್ದರು. ಮನೆಗೆ ಬಂದವರ ಕೈಯಿಂದ ಬಿಸ್ಕೆಟ್ ಕಿತ್ತುಕೊಳ್ಳುವುದೇ ದೊಡ್ಡ ಕೆಲಸವಾಯಿತು. ಆದರೆ ಕೆರೆತ ಇಳಿಯಿತು. ಹೊಟ್ಟೆಯ ಕೆಳಗಿನ ಕೆಂಪು ಹೋಗಿ ಅಲ್ಲಿ ಕೂದಲು ಬಂತು. ಇಲ್ಲಿಗೇ ನಿಲ್ಲಿಸಿದ್ದರೆ ನಾನೂ ‘ಹಸಿ ಮಾಂಸದಿಂದ ವಾಸಿಯಾಯ್ತು’ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅದೇ ಕುರಿ ಮಾಂಸವನ್ನು ಬೇಯಿಸಿ ಹಾಕಿದೆ. ಕೆರೆತ ಮತ್ತೆ ಬರಲಿಲ್ಲ. ಬೇಯಿಸಿದ ಕೋಳಿ ಸ್ವಲ್ಪ ಹಾಕಿದೆ, ವಾರದೊಳಗೆ ಕಿವಿ ಕೆಂಪು. ಅವಳಿಗೆ ಆಗದ್ದು ಕೋಳಿ, ಅಷ್ಟೇ. ಹಸಿ ಊಟದಿಂದ ಅಲರ್ಜಿ ಹೋಯ್ತು ಅನ್ನುವ ಎಷ್ಟೋ ಕಥೆಗಳಲ್ಲಿ ಅದರ ಜೊತೆಗೇ ಮಾಂಸವೂ ಬದಲಾಗಿರುತ್ತದೆ, ಕೇಳಿ ನೋಡಿ.

ಹಾಗಾದರೆ ಕುರಿ ಮಾಂಸವನ್ನೇ ಹಸಿಯಾಗಿ ಮುಂದುವರಿಸಬಹುದಿತ್ತಲ್ವಾ? ಕೊಡಗಿನ ಮಳೆಗಾಲ ಬಿಡಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮರ ಬಿದ್ದು ಲೈನ್ ಕಡಿದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ. ಇನ್ವರ್ಟರ್ ಲೈಟಿಗೆ ಸಾಕು, ಫ್ರೀಜರಿಗೆ ಸಾಲದು. ನಾನು ಮಾಂಸವನ್ನು ದಿನಕ್ಕೊಂದರಂತೆ ತೆಳ್ಳಗೆ, ಚಪ್ಪಟೆ ಕವರ್ ಮಾಡಿ ಇಡುತ್ತಿದ್ದೆ. ಒಂದು ಬೆಳಿಗ್ಗೆ ತೆಗೆದರೆ ಎಲ್ಲವೂ ಕಲ್ಲಿನಂತೆ ಗಟ್ಟಿ, ಆದರೆ ಮಾಂಸವೆಲ್ಲ ಕವರಿನ ಒಂದೇ ಮೂಲೆಗೆ ಜಾರಿ ಕೂತಿದೆ. ಡಬ್ಬಿಯ ತಳದಲ್ಲಿ ಕೆಂಪು ನೀರು ಹೆಪ್ಪುಗಟ್ಟಿದೆ. ಅಂದರೆ ರಾತ್ರಿ ಪೂರ್ತಿ ಕರಗಿ, ಕರೆಂಟ್ ಬಂದ ಮೇಲೆ ಮತ್ತೆ ಗಟ್ಟಿಯಾಗಿದೆ. ಫ್ರೀಜರ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಸುಮ್ನೆ ಮಲಗಿಸುತ್ತದೆ. ಕರಗಿದಾಗ ಅವು ಎದ್ದು ಬೆಳೆಯುತ್ತವೆ. ಅಷ್ಟನ್ನೂ ಎಸೆದೆವು. ಈಗಲೂ ಒಂದು ಲೋಟದಲ್ಲಿ ನೀರು ಗಟ್ಟಿ ಮಾಡಿ ಮೇಲೊಂದು ರೂಪಾಯಿ ನಾಣ್ಯ ಇಟ್ಟಿರುತ್ತೇನೆ. ನಾಣ್ಯ ತಳಕ್ಕೆ ಹೋಗಿದ್ದರೆ ಫ್ರೀಜರ್ ಕರಗಿತ್ತು ಅಂತ ಲೆಕ್ಕ.

ಇನ್ನೊಂದು ತಲೆನೋವು, ಜೂಲಿ ತಟ್ಟೆಯಲ್ಲಿ ತಿನ್ನುವವಳಲ್ಲ. ತುಂಡು ಕಚ್ಚಿಕೊಂಡು ಜಗಲಿಗೆ ಬಂದು, ಮಗು ಆಡುವ ಚಾಪೆಯ ಮೇಲೆ ಎರಡು ಕಾಲಿನ ನಡುವೆ ಇಟ್ಟುಕೊಂಡು ನೆಕ್ಕುತ್ತಾಳೆ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರುವ ಮಾಂಸ ತಿಂದ ನಾಯಿ ತಾನು ಆರಾಮಾಗಿಯೇ ಇದ್ದು, ಕಕ್ಕದಲ್ಲಿ ಅದನ್ನು ಹರಡುತ್ತಿರಬಹುದು. ಕುರಿ, ಮೇಕೆಯ ಒಳಾಂಗದ ವಿಷಯ ಇನ್ನೂ ಗಂಭೀರ. ಲಿವರ್, ಶ್ವಾಸಕೋಶದಲ್ಲಿ ನೀರುಗುಳ್ಳೆ ಇದ್ದರೆ, ಅದನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಒಂದು ಸಣ್ಣ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ಅದೇ ಗುಳ್ಳೆ ನಮ್ಮ ಲಿವರ್‌ನಲ್ಲಿ. ಕೋಳಿ ಕತ್ತಿನ ಬಗ್ಗೆಯೂ ಒಂದು ಮಾತು: ಹಸಿ ಕೋಳಿ, ಅದರಲ್ಲೂ ಕತ್ತು ತಿನ್ನುವ ನಾಯಿಗಳಲ್ಲಿ ನರ ಸೋತು ಕಾಲು ಬೀಳುವ ಒಂದು ಕಾಯಿಲೆ ಜಾಸ್ತಿ ಅಂತ ಮೆಲ್ಬರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ ಹೇಳಿದ್ದಾರೆ.

ಹಂದಿ ಮಾಂಸ ಹಸಿಯಾಗಿ ಹಾಕುವ ಯೋಚನೆಯನ್ನೇ ಮಾಡಲಿಲ್ಲ. ಬೇಯಿಸಿದರೆ ಮಾತ್ರ ಅದು ನಮ್ಮ ಕಡೆ ಒಳ್ಳೆಯ ದಾರಿ. ಕೋಳಿ ಆಗದ ನಾಯಿಗೆ ಕೊಡಗಿನಲ್ಲಿ ಸುಲಭವಾಗಿ ಸಿಗುವ ಮಾಂಸ ಅದೇ ತಾನೇ. ಈಗ ಜೂಲಿಯ ಪಾತ್ರೆಯಲ್ಲಿ ಕೊಬ್ಬು ತೆಗೆದ ಹಂದಿ ಮಾಂಸ, ನುಚ್ಚಕ್ಕಿ, ಸಿಹಿಗುಂಬಳ, ಬೀನ್ಸ್. ಕರಾವಳಿಯಿಂದ ಮೀನಿನ ಗಾಡಿ ಬಂದ ದಿನ ಬೇಯಿಸಿದ ಮತ್ತಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಈರುಳ್ಳಿ ನಾಯಿಯ ರಕ್ತಕಣ ಒಡೆಯುತ್ತದೆ, ಹಾಗಾಗಿ ನಮ್ಮ ಸಾರಿನ ಉಳಿಕೆ ಅವಳಿಗಿಲ್ಲ. ಬೆಂದ ಮೂಳೆಯೂ ಇಲ್ಲ. ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಮೂಳೆ ಬಿಟ್ಟರೆ ಕ್ಯಾಲ್ಷಿಯಂ ಎಲ್ಲಿಂದ? ಬೇಯಿಸಿ ಹಾಕುವವರು ಎಡವುವುದು ಇಲ್ಲೇ. ಮಾಂಸದಲ್ಲಿ ಫಾಸ್ಫರಸ್ ತುಂಬಾ ಇದೆ, ಕ್ಯಾಲ್ಷಿಯಂ ಇಲ್ಲವೇ ಇಲ್ಲ ಅನ್ನಬಹುದು. ಮೊಟ್ಟೆ ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಅರ್ಧ ಕಿಲೋ ಮಾಂಸಕ್ಕೆ ಸುಮಾರು ಅರ್ಧ ಟೀ ಚಮಚ ಹಾಕುತ್ತೇನೆ. ಇದು ಬೆಳೆದ ನಾಯಿಯ ಲೆಕ್ಕ, ಮರಿಗಲ್ಲ. ಇಷ್ಟಕ್ಕೇ ಊಟ ಪೂರ್ತಿ ಆಗುವುದಿಲ್ಲ. ಅಮೆರಿಕದ ಡೇವಿಸ್ ಪಶುವೈದ್ಯಕೀಯ ಶಾಲೆಯವರು 2013ರಲ್ಲಿ ಮನೆ ಅಡುಗೆಯ 200 ವಿಧಾನ ತೂಗಿ ನೋಡಿದಾಗ ನೂರಕ್ಕೆ 95ರಲ್ಲಿ ಏನಾದರೊಂದು ಪೋಷಕಾಂಶ ಕಡಿಮೆ ಇತ್ತು. ಅದಕ್ಕೇ ಡಾಕ್ಟರ್ ಬರೆದುಕೊಟ್ಟ ಮಿನರಲ್ ಪುಡಿಯೂ ಸೇರುತ್ತದೆ. ದಿನಾ ಒಲೆ ಮುಂದೆ ನಿಲ್ಲುವ ಕೆಲಸ ಇದೆ, ಸೌದೆ ಒಲೆ ಉರಿಯುವ ಮನೆಯಾದರೆ ಅದೇನೂ ಭಾರವಲ್ಲ.

ಈಗ ಕರಿಯ. ಕಿಡ್ನಿ ಸೋತಾಗ ಹೆಚ್ಚಿನ ಫಾಸ್ಫರಸ್ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ. ಹಸಿ ಊಟ ಅಂದರೆ ಮಾಂಸ, ಮೂಳೆ, ಲಿವರ್, ಮೂರೂ ಫಾಸ್ಫರಸ್ಸೇ. ಅದಕ್ಕೇ ಅವನಿಗೆ ಅದನ್ನು ಮುಟ್ಟಿಸಲಿಲ್ಲ. ಮನೆಯಲ್ಲಿ ಬೇಯಿಸಿದ್ದನ್ನು ಕೊಟ್ಟು ನೋಡಿದೆ. ತಿಂದ, ಆದರೆ ಮುಂದಿನ ರಕ್ತ ಪರೀಕ್ಷೆಯಲ್ಲಿ ಫಾಸ್ಫರಸ್ ಏರಿತ್ತು. ಅವನ ವಿಷಯದಲ್ಲಿ ಚೀಲದ ಕಿಡ್ನಿ ಫುಡ್ ಗೆದ್ದಿತು. ಅದರಲ್ಲಿ ಫಾಸ್ಫರಸ್ ಕಡಿಮೆ ಇಟ್ಟು, ಉಳಿದದ್ದನ್ನು ಅಳೆದು ಹಾಕಿರುತ್ತಾರೆ. ಅಡುಗೆಮನೆಯ ತಕ್ಕಡಿಯಲ್ಲಿ ಆ ಲೆಕ್ಕ ನನ್ನಿಂದ ಆಗದು. ರುಚಿ ಮಾತ್ರ ಅವನಿಗೆ ಹಿಡಿಸಲಿಲ್ಲ, ಮೂಸಿ ಹೋಗಿ ಕಣದಲ್ಲಿ ಮಲಗುತ್ತಿದ್ದ. ಬಿಸಿ ನೀರಿನಲ್ಲಿ ನೆನೆಸಿ, ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಪುಡಿ ಮಾಡಿ ಬೆರೆಸಿದರೆ ತಿನ್ನುತ್ತಾನೆ. ಹಳದಿ ಹಾಕುವುದಿಲ್ಲ: ಅದರ ನೂರು ಗ್ರಾಂನಲ್ಲಿ 390 ಮಿಲಿಗ್ರಾಂ ಹತ್ತಿರ ಫಾಸ್ಫರಸ್, ಬಿಳಿಯಲ್ಲಿ 15ರ ಹತ್ತಿರ. ಈ ಕಿಡ್ನಿ ಫುಡ್ಡಿನ ಬೆಲೆ ಜಾಸ್ತಿಯೇ. ಸಾಮಾನ್ಯ ಡ್ರೈ ಫುಡ್ಡಿನ ಹಲವು ಪಟ್ಟು. ಪಟ್ಟಣಕ್ಕೆ ಹೋಗುವವರ ಕೈಯಲ್ಲಿ ಮೊದಲೇ ಹೇಳಿ ತರಿಸಬೇಕು.

ಬಾವನ ಮನೆಯ ಬೀಗಲ್‌ಗೆ ಪ್ಯಾಂಕ್ರಿಯಾಸ್ ಊತ. ಅದಕ್ಕೆ ಹಸಿಯೋ ಬೆಂದದ್ದೋ ಅನ್ನುವ ಚರ್ಚೆಯೇ ಬೇಡ, ಕೊಬ್ಬು ಕಡಿಮೆ ಇದ್ದರೆ ಸಾಕು. ಅವರ ಮನೆಯಲ್ಲಿ ಕೈಲ್ ಮುಹೂರ್ತದ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ನೆಂಟರು ಬರುವ ಮೊದಲೇ ನಾಯಿಯನ್ನು ಹಿಂದಿನ ಕೋಣೆಗೆ ಹಾಕಿ ಬಾಗಿಲು ಮುಚ್ಚುತ್ತಾರೆ. ಊಟದ ನಡುವೆ ಪಂದಿ ಕರಿ ಅನ್ನುವ ಹಂದಿ ಸಾರಿನ ಕೊಬ್ಬಿನ ತುಂಡು ಎಸೆಯದ ನೆಂಟ ಕೊಡಗಿನಲ್ಲಿ ಸಿಗುವುದು ಕಷ್ಟ.