ಜಾರುವ ಕನ್ನಡಕಕ್ಕೆ ಯಾವುದು ಸರಿ: ಕಡ್ಡಿ ಬಗ್ಗಿಸುವುದೋ, ಪ್ಯಾಡೋ, ಕಿವಿ ಕೊಕ್ಕೆಯೋ?

ತಲೆ ಬಗ್ಗಿಸಿದರೆ ಸಾಕು, ಕನ್ನಡಕ ಮೂಗಿನ ತುದಿಗೆ ಬರುತ್ತದೆ. ಬೆವರಿದ್ದರಂತೂ ಕೈಯ ಕೆಲಸ ಬಿಟ್ಟು ಅದನ್ನು ಮೇಲೆ ತಳ್ಳುವುದೇ ಒಂದು ಕೆಲಸ. ಇದಕ್ಕೆ ಚಾಲ್ತಿಯಲ್ಲಿರುವ ಉಪಾಯಗಳನ್ನು ತೆಳು ಲೋಹದ ಫ್ರೇಮಿಗೂ ದಪ್ಪ ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಫ್ರೇಮಿಗೂ ಹಾಕಿ ನೋಡಿ ಈ ಹೋಲಿಕೆ ಬರೆದಿದ್ದೇವೆ. ನಮ್ಮ ತೀರ್ಮಾನ ಮೊದಲೇ ಹೇಳುತ್ತೇವೆ: ಕನ್ನಡಕ ಮೂಗಿನ ಮೇಲೆ ಜಾರಿದರೂ ದೋಷ ಬಹಳ ಸಲ ಕಿವಿಯ ಹತ್ತಿರ ಇರುತ್ತದೆ.

ಇದನ್ನು ಬರೀ ಕಿರಿಕಿರಿ ಎಂದು ಬಿಡುವಂತಿಲ್ಲ. ಮೈನಸ್ 6 ಪವರಿನ ಗ್ಲಾಸು ಕಣ್ಣಿಂದ 5 ಮಿ.ಮೀ. ದೂರ ಸರಿದರೆ ಕಣ್ಣಿಗೆ ಸಿಗುವುದು ಸುಮಾರು 5.8 ಮಾತ್ರ. ಬಸ್ಸಿನ ಬೋರ್ಡು ಸ್ವಲ್ಪ ಮಸುಕಾಗಿ ಕಾಣಲು ಅಷ್ಟು ಸಾಕು. ಮೇಲೆ ದೂರದ, ಕೆಳಗೆ ಓದುವ ಪವರು ಒಂದರಲ್ಲೇ ಇರುವ ಪ್ರೋಗ್ರೆಸಿವ್ ಗ್ಲಾಸಿನವರಿಗೆ ಓದುವ ಭಾಗ ಕೆಳಗಿಳಿದು, ಗದ್ದ ಎತ್ತಿ ಓದುವ ಅಭ್ಯಾಸವಾಗಿ ಕುತ್ತಿಗೆ ಹಿಡಿಯುತ್ತದೆ.

ಕಡ್ಡಿ ಬಗ್ಗಿಸುವುದು

ಎಲ್ಲಕ್ಕಿಂತ ಮೊದಲು ಮಾಡಿಸಬೇಕಾದದ್ದು ಇದು. ಕಡ್ಡಿಯ ಬಾಗು ಕಿವಿಯ ಮೇಲ್ತುದಿ ದಾಟಿದ ಕೂಡಲೇ ಶುರುವಾಗಬೇಕು. ಬಾಗು ಇನ್ನೂ ಹಿಂದಿದ್ದರೆ, ಅದು ಕಿವಿಗೆ ತಾಗುವ ತನಕ ಕನ್ನಡಕ ಮುಂದೆ ಬರುತ್ತಲೇ ಇರುತ್ತದೆ. ನಡುವೆ 6 ಮಿ.ಮೀ. ಸಂದಿದ್ದರೆ ಅಷ್ಟೂ ಜಾರುತ್ತದೆ. ಬಾಗು ತೀರಾ ಮುಂದಿದ್ದರೆ ಕಿವಿಯ ಬುಡ ಕೆಂಪಾಗಿ ಸಂಜೆ ಹೊತ್ತಿಗೆ ನೋಯುತ್ತದೆ. ಕನ್ನಡಿ ಮುಂದೆ ಕೂದಲು ಸರಿಸಿ ನೋಡಿದರೆ ನಿಮ್ಮದು ಯಾವುದೆಂದು ತಿಳಿಯುತ್ತದೆ.

ಹೆಚ್ಚಿನವರು ಗಮನಿಸದ ಇನ್ನೊಂದು ದೋಷವಿದೆ. ಕಡ್ಡಿಗಳು ಕಿವಿಗೆ ಬರುವ ಮೊದಲೇ ಕಪಾಲವನ್ನು ಒತ್ತುತ್ತಿದ್ದರೆ, ಬಿಗಿ ಇದೆ, ಇನ್ನು ಜಾರದು ಎಂದುಕೊಳ್ಳುತ್ತೇವೆ. ಆಗುವುದು ತದ್ವಿರುದ್ಧ. ಒದ್ದೆ ಹುಣಸೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಮುಂದೆ ಚಿಮ್ಮುವ ಹಾಗೆ, ಆ ಒತ್ತಡವೇ ಫ್ರೇಮನ್ನು ಮುಂದಕ್ಕೆ ನೂಕುತ್ತದೆ. ಕಡ್ಡಿ ತಲೆಗೆ ತಾಗಬೇಕಾದದ್ದು ಕಿವಿಯ ಹತ್ತಿರ ಮಾತ್ರ.

ಲೋಹದ ಕಡ್ಡಿಯನ್ನು ಅಂಗಡಿಯವರು ಇಕ್ಕಳದಲ್ಲಿ ಹಾಗೇ ಬಗ್ಗಿಸುತ್ತಾರೆ. ಅಸಿಟೇಟ್ ಕಡ್ಡಿಯನ್ನು ಬಿಸಿಗಾಳಿಯ ಯಂತ್ರಕ್ಕೆ ಹಿಡಿದು ಮೆತ್ತಗಾದ ಮೇಲೆಯೇ ಬಗ್ಗಿಸಬೇಕು, ತಣ್ಣಗಿದ್ದಾಗ ಬಲ ಹಾಕಿದರೆ ಮುರಿಯುತ್ತದೆ. ಟಿಆರ್‌-90 ಎಂಬ ಹಗುರ ಪ್ಲಾಸ್ಟಿಕ್ಕು ಬಗ್ಗಿಸಿದರೂ ಮೊದಲಿನ ಆಕಾರಕ್ಕೇ ಮರಳಲು ನೋಡುತ್ತದೆ, ಆದ್ದರಿಂದ ಅಂಥ ಫ್ರೇಮಿಗೆ ಈ ದಾರಿ ಅರ್ಧ ಮಾತ್ರ ಫಲ ಕೊಡುತ್ತದೆ. ಮನೆಯಲ್ಲಿ ಹೇರ್ ಡ್ರೈಯರ್ ಹಿಡಿಯುವವರು ಗ್ಲಾಸಿನ ಕಡೆಗೆ ಬಿಸಿ ಹೋಗದಂತೆ ನೋಡಿಕೊಳ್ಳಬೇಕು. ಬಿಸಿಗೆ ಪ್ಲಾಸ್ಟಿಕ್ ಗ್ಲಾಸು ಹಿಗ್ಗುವಷ್ಟು ಅದರ ಮೇಲಿನ ಕೋಟಿಂಗ್ ಹಿಗ್ಗುವುದಿಲ್ಲ. ಅದಕ್ಕೇ ಜೇಡರ ಬಲೆಯಂಥ ಬಿರುಕು ಬೀಳುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ. ಅಂಗಡಿಯಲ್ಲಿ ಮಾಡಿಸುವುದೇ ವಾಸಿ. ಕನ್ನಡಕ ಕೊಂಡ ಕಡೆ ಸಾಮಾನ್ಯವಾಗಿ ಇದಕ್ಕೆ ದುಡ್ಡು ಕೇಳುವುದಿಲ್ಲ.

ಹೋಗುವ ಮೊದಲು ಕೀಲಿನ ಸ್ಕ್ರೂ ನೋಡಿ. ಅದು ಸಡಿಲವಿದ್ದರೆ ಎಷ್ಟು ಬಗ್ಗಿಸಿದರೂ ಉಪಯೋಗವಿಲ್ಲ. ಬಿಗಿ ಮಾಡಿ, ಸ್ಕ್ರೂ ತಲೆಯ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಚುಕ್ಕೆ ಇಟ್ಟರೆ ಬೇಗ ಕಳಚದು.

ನೋಸ್ ಪ್ಯಾಡ್ ಬದಲಿಸುವುದು

ಇದು ಪ್ಯಾಡಿನ ಕಾಲುಗಳು, ಅಂದರೆ ಪ್ಯಾಡನ್ನು ಹಿಡಿದಿರುವ ತೆಳು ತಂತಿಗಳು, ಇರುವ ಫ್ರೇಮಿಗೆ ಮಾತ್ರ. ಗಟ್ಟಿ ಪ್ಲಾಸ್ಟಿಕ್ ಪ್ಯಾಡಿಗಿಂತ ಸಿಲಿಕೋನ್ ಪ್ಯಾಡು ಬೆವರಿನಲ್ಲಿ ಸ್ಪಷ್ಟವಾಗಿ ಚೆನ್ನಾಗಿ ಹಿಡಿಯುತ್ತದೆ. ಕೊಳ್ಳುವ ಮೊದಲು ಹಳೆಯದರ ಹಿಂಬದಿ ನೋಡಿ: ಚಿಕ್ಕ ಸ್ಕ್ರೂ ಕಂಡರೆ ಸ್ಕ್ರೂ ಜಾತಿ, ಕಾಣದಿದ್ದರೆ ಒತ್ತಿ ಕೂರಿಸುವ ಜಾತಿ. ಒಂದಕ್ಕೆ ಇನ್ನೊಂದು ಕೂರುವುದಿಲ್ಲ. ಉದ್ದವನ್ನೂ ಅಳೆಯಿರಿ, 13 ಮತ್ತು 15 ಮಿ.ಮೀ. ಸುಲಭವಾಗಿ ಸಿಗುತ್ತವೆ. ದೊಡ್ಡದಾದರೆ ಭಾರ ಹೆಚ್ಚು ಜಾಗಕ್ಕೆ ಹರಡಿ ಮೂಗಿನ ಮೇಲೆ ಗುಳಿ ಕಡಿಮೆ ಬೀಳುತ್ತದೆ. ಸ್ಕ್ರೂ ಬಿಚ್ಚುವಾಗ ಕೆಳಗೆ ಬಿಳಿ ಟವೆಲ್ ಹಾಸಿಕೊಳ್ಳಿ, ನೆಲಕ್ಕೆ ಬಿದ್ದರೆ ಹುಡುಕಿ ಸಿಗುವ ವಸ್ತುವಲ್ಲ.

ಪ್ಯಾಡು ಹೊಸದಾದರೂ ಅದರ ಅಂಚು ಮಾತ್ರ ಮೂಗಿಗೆ ತಾಗುತ್ತಿದ್ದರೆ ಗುಳಿ ಬೀಳುತ್ತದೆ, ಹಿಡಿತ ಬರುವುದಿಲ್ಲ. ಇಡೀ ಮುಖ ಚರ್ಮಕ್ಕೆ ಕೂರುವಂತೆ ಕಾಲುಗಳನ್ನು ತಿರುಗಿಸಬೇಕು. ಎರಡೂ ಕಾಲನ್ನು ಹತ್ತಿರ ತಂದರೆ ಕನ್ನಡಕ ಮೇಲೇರುತ್ತದೆ, ದೂರ ಮಾಡಿದರೆ ಇಳಿಯುತ್ತದೆ. ಪ್ಯಾಡಿನ ಬುಡದಲ್ಲಿ ಕಾಣುವ ಹಸಿರು ಕಿಲುಬು, ಬೆವರು ತಾಗಿ ಲೋಹದೊಳಗಿನ ತಾಮ್ರ ಕೆಡುತ್ತಿರುವುದರ ಗುರುತು. ಅದು ಬಂತೆಂದರೆ ಪ್ಯಾಡು ಬದಲಿಸಿ, ಕಾಲನ್ನು ಮೆತ್ತನೆ ಬ್ರಷ್ಷಿನಿಂದ ಸೋಪು ಹಾಕಿ ತಿಕ್ಕಿ.

ಅಂಟಿಸುವ ಪ್ಯಾಡು

ಪ್ಯಾಡೇ ಇಲ್ಲದ ಅಸಿಟೇಟ್ ಫ್ರೇಮಿನವರಿಗೆ, ಅದರಲ್ಲೂ ಮೂಗಿನ ಸೇತುವೆ ತಗ್ಗಾಗಿರುವವರಿಗೆ, ಇದು ನಿಜವಾಗಿ ಬೇಕಾದ ವಸ್ತು. ಫೋಮಿನದು ಬೆವರು ಹೀರಿ ವಾಸನೆ ಬರುತ್ತದೆ, ಸಿಲಿಕೋನಿನದನ್ನೇ ತೆಗೆದುಕೊಳ್ಳಿ. ಅಂಟು ನಿಲ್ಲದಿರಲು ಮುಖ್ಯ ಕಾರಣ ಫ್ರೇಮಿನ ಮೇಲಿನ ಎಣ್ಣೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಅಂಟಿಸಿ ಅರ್ಧ ನಿಮಿಷ ಒತ್ತಿ ಹಿಡಿದು, ರಾತ್ರಿ ಹಾಗೇ ಬಿಡಿ. ಸ್ಪಿರಿಟ್ ಹಾಕಿ ಒರೆಸಬೇಡಿ, ಅಸಿಟೇಟ್ ಮಂಕಾಗಿ ಬೆಳ್ಳಗಾಗುತ್ತದೆ.

ತೆಳುವಾದ 1 ಮಿ.ಮೀ. ದಪ್ಪದಿಂದ ಶುರು ಮಾಡುವುದು ಒಳ್ಳೆಯದು. ದಪ್ಪ ಹೆಚ್ಚಿದಷ್ಟೂ ಗ್ಲಾಸು ಮೇಲಕ್ಕೂ ಕಣ್ಣಿಂದ ದೂರಕ್ಕೂ ಹೋಗುತ್ತದೆ. ಪ್ರೋಗ್ರೆಸಿವ್‌ನವರಿಗೆ ಇದು ಓದುವ ಭಾಗವನ್ನು ದೂರ ನೋಡುವ ಜಾಗದ ಹತ್ತಿರಕ್ಕೆ ತಂದು ಹೊಸ ತೊಂದರೆ ಕೊಡುತ್ತದೆ.

ಕಿವಿ ಕೊಕ್ಕೆ

ಕಡ್ಡಿಯ ತುದಿಗೆ ತೂರಿಸುವ ಸಿಲಿಕೋನ್ ಕೊಕ್ಕೆ ಹಿಡಿತದಲ್ಲಿ ಎಲ್ಲಕ್ಕಿಂತ ಮುಂದು. ಓಡುವಾಗ, ಬಗ್ಗಿ ನೆಲ ಒರೆಸುವಾಗ, ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ, ಕನ್ನಡಕ ಇದ್ದಲ್ಲೇ ಇರುತ್ತದೆ. ಸೋಪು ನೀರು ಹಚ್ಚಿದರೆ ಸಲೀಸಾಗಿ ಏರುತ್ತದೆ. ಕಿವಿಯ ಹಿಂಬದಿಗೆ ತಾಗಿಯೂ ತಾಗದಂತೆ ನಿಲ್ಲಿಸಿ, ಎಳೆದಂತೆ ಅನಿಸಿದರೆ 2 ಮಿ.ಮೀ. ಹಿಂದೆ ಸರಿಸಿ.

ಆದರೆ ಹೆಲ್ಮೆಟ್ ಹಾಕುವವರಿಗೆ ಇದನ್ನು ಹೇಳಲು ನಮಗೆ ಮನಸ್ಸಿಲ್ಲ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್‌ ಹಾಕಿಕೊಂಡ ಮೇಲೆ ಕನ್ನಡಕವನ್ನು ಒಳಗೆ ತೂರಿಸಬೇಕು, ಆಗ ನೇರ ಕಡ್ಡಿ ಸಲೀಸಾಗಿ ಹೋಗುತ್ತದೆ, ಕೊಕ್ಕೆ ಒಳಗಿನ ಸ್ಪಂಜಿಗೆ ಸಿಕ್ಕಿ ಕಳಚುತ್ತದೆ. ಅಗಲವಾದ ಅಸಿಟೇಟ್ ಕಡ್ಡಿಗೂ ಇದು ಏರುವುದಿಲ್ಲ.

ಬೆಲ್ಟು, ದಾರ, ಪೌಡರು

ತಲೆಯ ಹಿಂದೆ ಬಿಗಿಯುವ ಬೆಲ್ಟು ಆಟಕ್ಕೆ ಸರಿ. ದಿನವಿಡೀ ಹಾಕಿದರೆ ಗ್ಲಾಸು ಮುಖಕ್ಕೆ ಅಂಟಿದಂತಾಗಿ ಮಂಜು ಕಟ್ಟುತ್ತದೆ, ರೆಪ್ಪೆ ತಾಗಿ ಕಲೆಯಾಗುತ್ತದೆ. ಕುತ್ತಿಗೆಯ ದಾರ ಕನ್ನಡಕ ನೆಲಕ್ಕೆ ಬೀಳದಂತೆ ಕಾಯುತ್ತದೆಯೇ ಹೊರತು ಜಾರುವುದನ್ನು ತಡೆಯದು. ಮೂಗಿಗೆ ಪೌಡರು ಹಚ್ಚಿದರೆ ಬೆವರಿಗೆ ಕಲಸಿ ಇನ್ನಷ್ಟು ಜಾರುತ್ತದೆ. ಅದಕ್ಕಿಂತ ದಿನಕ್ಕೆರಡು ಸಲ ಮೂಗನ್ನೂ ಪ್ಯಾಡನ್ನೂ ಸೋಪಿನಿಂದ ತೊಳೆಯುವುದು ಎಷ್ಟೋ ಮೇಲು.

ಇಷ್ಟಾದರೂ ಜಾರಿದರೆ

ಆಗ ಫ್ರೇಮೇ ನಿಮ್ಮ ಅಳತೆಯದಲ್ಲ. ಕಡ್ಡಿಯ ಒಳಬದಿ 52, 18, 140 ಎಂಬಂಥ ಮೂರು ಅಂಕಿ ಇರುತ್ತವೆ: ಗ್ಲಾಸಿನ ಅಗಲ, ಫ್ರೇಮಿನ ಸೇತುವೆ (ಎರಡು ಗ್ಲಾಸಿನ ನಡುವಿನ ಅಂತರ), ಕಡ್ಡಿಯ ಉದ್ದ, ಎಲ್ಲವೂ ಮಿ.ಮೀ. ಲೆಕ್ಕದಲ್ಲಿ. ಮುಂದಿನ ಸಲ ಜಾರುವ ಫ್ರೇಮಿಗಿಂತ ಸೇತುವೆ 2 ಮಿ.ಮೀ. ಕಡಿಮೆ ಇರುವುದನ್ನು ಹಾಕಿ ನೋಡಿ. ಮೈನಸ್ ಪವರ್ ಹೆಚ್ಚಿದ್ದರೆ ಗ್ಲಾಸಿನ ಅಗಲವನ್ನೂ ಇಳಿಸಿ. ಮೈನಸ್ ಗ್ಲಾಸು ಅಂಚಿನಲ್ಲೇ ದಪ್ಪ, ಆದ್ದರಿಂದ ಫ್ರೇಮು ಚಿಕ್ಕದಾದಷ್ಟೂ ಆ ದಪ್ಪ ಅಂಚು ಕತ್ತರಿಸಿ ಹೋಗಿ ಮೂಗಿನ ಮೇಲಿನ ಭಾರ ಇಳಿಯುತ್ತದೆ.