ದವಡೆ ನೋವು: ಮೆತ್ತನೆ ಗಾರ್ಡ್, ಗಟ್ಟಿ ಗಾರ್ಡ್, ಬಿಸಿ ಶಾಖ, ಸುಮ್ನೆ ಒಂದು ಚುಕ್ಕೆ

ಆಕಳಿಸಿದರೆ ಕಿವಿಯ ಮುಂದೆ ‘ಟಕ್’ ಅನ್ನುತ್ತಿತ್ತು. ಬೆಳಿಗ್ಗೆ ಕೆನ್ನೆ ಬಿಗಿ, ಸಂಜೆ ಕಣತಲೆವರೆಗೂ ನೋವು. ಕಿವಿನೋವೇ ಇರಬೇಕೆಂದು ಮೊದಲು ಕಿವಿ ತೋರಿಸಿದೆ. ಕಿವಿ ಚೆನ್ನಾಗೇ ಇತ್ತು. ಕೆಟ್ಟಿದ್ದು ಪಕ್ಕದ ದವಡೆ ಕೀಲು. ಬಾಯಿ ತೆರೆದರೆ ಮೂರು ಬೆರಳು ಒಂದರ ಮೇಲೊಂದು ಹಿಡಿಸಬೇಕಂತೆ. ನನಗೆ ಎರಡೇ ಕಷ್ಟ.

ಮೊದಲು ತಂದದ್ದು ಬಿಸಿನೀರಲ್ಲಿ ಅದ್ದಿ ಕಚ್ಚಿ ಅಚ್ಚು ಮಾಡಿಕೊಳ್ಳುವ ಮೆತ್ತನೆ ನೈಟ್ ಗಾರ್ಡ್, ಅಂದರೆ ನಿದ್ದೆಯಲ್ಲಿ ಹಲ್ಲು ಕಡಿಯುವವರು ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ. ಬಾಯಿಗೆ ಹಿತವಾಗಿತ್ತು, ಅದೇ ಎಡವಟ್ಟಾಯಿತು. ನಿದ್ದೆಯಲ್ಲಿ ಚೂಯಿಂಗ್ ಗಮ್ ಥರ ಜಗಿದಿದ್ದೇನೆ. ಮೂರನೇ ವಾರಕ್ಕೆ ದವಡೆ ಹಲ್ಲಿನ ಜಾಗದಲ್ಲಿ ಗಾರ್ಡ್ ತೂತು! ನೋವೂ ಜಾಸ್ತಿಯಾಯಿತು. ಎಲ್ಲರಿಗೂ ಹೀಗಾಗಲ್ಲ, ಕೆಲವರಿಗೆ ಆಗುತ್ತದೆ.

ಆಮೇಲೆ ದಂತವೈದ್ಯರು ಅಳತೆ ತೆಗೆದು ಮಾಡಿಸಿಕೊಟ್ಟ ಗಟ್ಟಿ ಅಕ್ರಿಲಿಕ್ ಗಾರ್ಡ್. ಮೊದಲ ನಾಲ್ಕು ರಾತ್ರಿ ದಿಂಬೆಲ್ಲ ಜೊಲ್ಲು. ಎರಡು ಸಲ ಉಜ್ಜಿಸಿ ಸರಿಮಾಡಿಸಬೇಕಾಯಿತು. ಇದು ಹಲ್ಲು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಸವೆತವನ್ನು ತಾನು ತಗೊಳ್ಳುತ್ತದೆ. ಬೆಳಕಿಗೆ ಹಿಡಿದರೆ ಸಣ್ಣ ಗೀರುಗಳು ಕಾಣುತ್ತವೆ. ಬೆಳಗಿನ ಬಿಗಿತ ಇಳಿಯಿತು, ಸಂಜೆಯ ನೋವು ಮಾತ್ರ ಜಗ್ಗಲಿಲ್ಲ.

ಒದ್ದೆ ಬಟ್ಟೆಯ ಬಿಸಿ ಶಾಖ 15 ನಿಮಿಷ ಕೊಟ್ಟರೆ ಹಾಯೆನಿಸುತ್ತಿತ್ತು. ಅಷ್ಟೇ, ಮರುದಿನ ಮತ್ತೆ ಅದೇ.

ಸಂಜೆಯ ನೋವಿನ ಗುಟ್ಟು ಬಿಚ್ಚಿದ್ದು ಫಿಸಿಯೋಥೆರಪಿಸ್ಟ್ ಕೇಳಿದ ಒಂದು ಪ್ರಶ್ನೆ: “ಈಗ ನಿಮ್ಮ ಮೇಲಿನ ಹಲ್ಲು, ಕೆಳಗಿನ ಹಲ್ಲು ತಾಗಿಕೊಂಡಿವೆಯಾ?” ತಾಗಿಕೊಂಡಿದ್ದವು! ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಹಗುರಾಗಿ ನಿಂತಿರಬೇಕು. ಅಗಿಯುವಾಗ, ನುಂಗುವಾಗ ಬಿಟ್ಟರೆ ಹಲ್ಲಿಗೆ ಹಲ್ಲು ತಾಗುವ ಕೆಲಸವೇ ಇಲ್ಲ. ಲ್ಯಾಪ್‌ಟಾಪ್ ಮೂಲೆಗೆ ಒಂದು ಕೆಂಪು ಚುಕ್ಕೆ ಅಂಟಿಸಿದೆ. ಕಂಡಾಗಲೆಲ್ಲ ದವಡೆ ಸಡಿಲ ಬಿಡಬೇಕು. ಟೈಪ್ ಮಾಡುವಾಗ, ಪಾತ್ರೆ ತೊಳೆಯುವಾಗ, ಯಾರದೋ ಫೋನ್ ಮುಗಿಯಲೆಂದು ಕಾಯುವಾಗ, ಎಲ್ಲೆಲ್ಲೂ ಕಚ್ಚಿ ಹಿಡಿದಿರುತ್ತಿದ್ದೆ. ಇಡೀ ದಿನ ದುಡಿದ ಸ್ನಾಯು ಸಂಜೆಗೆ ನೋಯದೆ ಇನ್ನೇನು ಮಾಡುತ್ತದೆ ಅಲ್ವಾ?

ಆರು ವಾರಕ್ಕೆ ಮೂರನೇ ಬೆರಳೂ ಹಿಡಿಸಿತು. ಹಾಗಾಗಿ ಹಗಲಿಗೆ ಚುಕ್ಕೆ, ರಾತ್ರಿಗೆ ಗಟ್ಟಿ ಗಾರ್ಡ್, ಇವೆರಡನ್ನೂ ಬಿಟ್ಟಿಲ್ಲ. ಮೆತ್ತನೆಯದು ಕಸಕ್ಕೆ ಹೋಯಿತು.

‘ಟಕ್’ ಇನ್ನೂ ಇದೆ. ಕೀಲಿನ ನಡುವಿನ ಮೆದುವಾದ ತಟ್ಟೆ ಜಾರಿ ಮತ್ತೆ ಜಾಗಕ್ಕೆ ಕೂರುವ ಸದ್ದು ಅದು. ನೋವಿಲ್ಲದಿದ್ದರೆ, ಬಾಯಿ ಸಿಕ್ಕಿಕೊಳ್ಳದಿದ್ದರೆ ಅದಕ್ಕೆ ಚಿಕಿತ್ಸೆ ಬೇಡ ಎಂದರು ದಂತವೈದ್ಯರು.