ಮೆಕ್ಸಿಕೋದ ಬೆಟ್ಟದ ಮೇಲೊಂದು ಮನೆ, ನೆನಪಾಗಿದ್ದು ಕೆಜಿಎಫ್

ಮೊದಲೇ ಹೇಳಿಬಿಡುತ್ತೇನೆ, ನಾನು ಹೆದರಿಸುವ ಕಾದಂಬರಿ ಹುಡುಕಿಕೊಂಡು ಹೋಗಿ ಓದುವವನಲ್ಲ. ರಾತ್ರಿ ಒಬ್ಬನೇ ಎದ್ದು ಬಚ್ಚಲಿಗೆ ಹೋಗಬೇಕಲ್ವಾ, ಅದೇ ತಾಪತ್ರಯ. ಆದರೂ ಸಿಲ್ವಿಯಾ ಮೊರೆನೊ-ಗಾರ್ಸಿಯಾ ಬರೆದ 'ಮೆಕ್ಸಿಕನ್ ಗಾಥಿಕ್' ಪುಸ್ತಕವನ್ನು ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಕೋಲಾರದ ಕಾರಣಕ್ಕೆ. ಅದನ್ನು ಆಮೇಲೆ ಹೇಳುತ್ತೇನೆ.

ಪುಸ್ತಕ ಬಂದಿದ್ದು 2020ರಲ್ಲಿ, ಇಂಗ್ಲಿಷಿನಲ್ಲಿ. ಕಥೆ ನಡೆಯುವುದು 1950ರ ಮೆಕ್ಸಿಕೋದಲ್ಲಿ. ನೊಯೆಮಿ ಶ್ರೀಮಂತರ ಮನೆ ಹುಡುಗಿ. ಪಾರ್ಟಿ, ಸಿಗರೇಟು, ದಿನಕ್ಕೊಂದು ಬಟ್ಟೆ. ಅವಳಿಗೆ ಅಕ್ಕನ ವರಸೆಯ ಕತಲಿನಾ ಅಂತ ಒಬ್ಬಳಿದ್ದಾಳೆ, ಯಾವುದೋ ಬೆಟ್ಟದೂರಿನ ಇಂಗ್ಲಿಷ್ ಮನೆತನದವನನ್ನು ಅವಸರದಲ್ಲಿ ಮದುವೆಯಾಗಿ ಹೋದವಳು. ಗಂಡ ವಿಷ ಹಾಕುತ್ತಿದ್ದಾನೆ, ಈ ಮನೆಯೇ ಸರಿಯಿಲ್ಲ ಅಂತ ಅವಳಿಂದ ಕಾಗದ ಬರುತ್ತದೆ. ಹೋಗಿ ಏನು ಅಂತ ನೋಡಿಕೊಂಡು ಬಾ, ಆಮೇಲೆ ನಿನ್ನ ಎಂಎ ಓದಿಗೆ ಒಪ್ಪುತ್ತೇನೆ ಅನ್ನುತ್ತಾನೆ ಅಪ್ಪ. ಹುಡುಗಿ ಸೂಟ್‌ಕೇಸ್ ತುಂಬ ಬಟ್ಟೆ ತುಂಬಿಕೊಂಡು ರೈಲು ಹತ್ತುತ್ತಾಳೆ.

ನಮ್ಮ ಕಡೆ ದೆವ್ವ ಇರುವುದು ಹುಣಸೆ ಮರದಲ್ಲಿ, ಇಲ್ಲಾ ಹಾಳು ಬಾವಿಯಲ್ಲಿ. ಮನೆಗೆ ಓಡಿ ಬಂದು ಬಾಗಿಲು ಹಾಕಿಕೊಂಡರೆ ಬಚಾವ್. ಈ ಗಾಥಿಕ್ ಕಥೆಗಳಲ್ಲಿ, ಅಂದರೆ ಹಳೇ ಬಂಗಲೆಯೊಳಗೆ ನಡೆಯುವ ಭಯದ ಕಥೆಗಳಲ್ಲಿ, ಕೆಟ್ಟದ್ದು ಮನೆಯೇ. ಬಾಗಿಲು ಹಾಕಿಕೊಂಡು ಏನು ಮಾಡ್ತೀರಿ? ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಕತಲಿನಾ ಗಂಡನ ಮನೆಯ ಊಟದ ಕೋಣೆ. ಉದ್ದನೆಯ ಮೇಜು, ಕಪ್ಪಿಟ್ಟ ಬೆಳ್ಳಿ ಪಾತ್ರೆ, ಮೇಣದ ಬತ್ತಿ. ಊಟದ ಹೊತ್ತಿನಲ್ಲಿ ಯಾರೂ ಮಾತಾಡುವ ಹಾಗಿಲ್ಲ ಅಂತ ರೂಲ್ಸು. ಕೇಳುವುದು ಚಮಚದ ಸದ್ದು ಮಾತ್ರ. ಆಮೇಲೆ ಮನೆಯ ಹಿರಿಯ, ಎದ್ದು ನಿಲ್ಲಲೂ ಕಷ್ಟಪಡುವ ಮುದುಕ, ಬಂದು ನೊಯೆಮಿಯನ್ನು ಮೇಲಿಂದ ಕೆಳಗೆ ನೋಡಿ, ನೀನು ನಿನ್ನ ಅಕ್ಕನಿಗಿಂತ ಜಾಸ್ತಿ ಕಪ್ಪು ಅನ್ನುವ ಅರ್ಥದಲ್ಲಿ ಒಂದು ಮಾತು ಬಿಡುತ್ತಾನೆ. ಹೆಣ್ಣು ನೋಡಲು ಬಂದವರ ಕಾಫಿ-ಬಿಸ್ಕತ್ ನಡುವೆ ಇಂಥ ಮಾತು ಕೇಳಿರುವ ನಮ್ಮ ಹೆಣ್ಣುಮಕ್ಕಳಿಗೆ ಈ ಸೀನು ವಿವರಿಸಬೇಕಾಗಿಲ್ಲ. ಗೋಡೆಯ ಮೇಲಿನ ಬೂಷ್ಟು ಅಲುಗಾಡಿದ ಹಾಗೆ ಕಾಣುವುದಕ್ಕಿಂತ ನನಗೆ ಮೈ ಜುಂ ಅಂದಿದ್ದು ಇಲ್ಲೇ.

ಗೋಡೆಯೊಳಗೆ ಏನಿದೆ ಅಂತ ಹೇಳಲ್ಲ. ಓದಿ ಮುಗಿಸಿದ ಮೇಲೆ ಎರಡು ವಾರ ನಾನು ಅಣಬೆ ತಿನ್ನಲಿಲ್ಲ, ಅಷ್ಟೇ.

ಈಗ ಕೋಲಾರ. ಕಥೆಯ ಆ ಮನೆಯವರು ಬೆಳ್ಳಿ ಗಣಿಯಲ್ಲಿ ದುಡ್ಡು ಮಾಡಿದವರು. ಗಿಡ ನೆಡುವುದಕ್ಕೆ ಯುರೋಪಿನಿಂದ ಪೆಟ್ಟಿಗೆಗಳಲ್ಲಿ ಮಣ್ಣು ತರಿಸಿದವರು. ಇಂಗ್ಲಿಷರಿಗೆ ಮೆಕ್ಸಿಕೋದಲ್ಲಿ ಏನು ಕೆಲಸ ಅಂತ ಹುಡುಕಿದೆ. ಕಥೆಯ ಊರು ಕಲ್ಪನೆಯದ್ದು, ಆದರೆ ಅದರ ಹಿಂದೆ ರಿಯಲ್ ದೆಲ್ ಮೊಂತೆ ಅನ್ನುವ ನಿಜವಾದ ಊರಿದೆ. ಅಲ್ಲಿ 1824ರಿಂದ ಬೆಳ್ಳಿ ಗಣಿ ನಡೆಸಲು ಹೋಗಿ ಕೈಸುಟ್ಟುಕೊಂಡ ಬ್ರಿಟಿಷ್ ಕಂಪನಿಯ ಹಿಂದಿದ್ದ ಮನುಷ್ಯ ಜಾನ್ ಟೇಲರ್. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸಗಾರರನ್ನು ಕರೆದುಕೊಂಡು ಹೋದರು. ಅವರ ಸ್ಮಶಾನ ಈಗಲೂ ಅಲ್ಲಿದೆ. ಅವರು ತಿನ್ನುತ್ತಿದ್ದ ಮಾಂಸ-ಆಲೂಗಡ್ಡೆ ತುಂಬಿದ ತಿಂಡಿಯನ್ನು ಅಲ್ಲಿನವರು ಇವತ್ತಿಗೂ ಪಾಸ್ತೆ ಅಂತ ಮಾರುತ್ತಾರೆ.

ಜಾನ್ ಟೇಲರ್! ಕೆಜಿಎಫ್ ಕಡೆಯವರಿಗೆ ಆ ಹೆಸರು ಗೊತ್ತಿಲ್ಲದೆ ಇರುತ್ತಾ? ಅವನು ತೀರಿಕೊಂಡ ಮೇಲೆ ಅದೇ ಮನೆತನದ 'ಜಾನ್ ಟೇಲರ್ ಅಂಡ್ ಸನ್ಸ್' 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಬಂತು. ಇಲ್ಲಿಗೂ ಕಾರ್ನ್‌ವಾಲ್‌ನವರು, ಇಲ್ಲೂ ಬಂಗಲೆ, ಕ್ಲಬ್ಬು, ಸ್ಮಶಾನ, ಲಿಟಲ್ ಇಂಗ್ಲೆಂಡ್ ಅನ್ನುವ ಹೆಸರು.

ನನ್ನ ಅಜ್ಜಿ ಊರು ಬಂಗಾರಪೇಟೆ, ಅವರ ತಂಗಿ ಮನೆ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ. ಚಿಕ್ಕವನಿದ್ದಾಗ ಅಲ್ಲಿ ಮಲಗಿದ್ದ ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ನೆಲ ಧಡ್ ಅಂತು. ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳೆಲ್ಲ ಗಲಗಲ. ನಾನು ಅಳುವುದಕ್ಕೆ ಶುರು. ಚಿಕ್ಕಜ್ಜಿ ಕಣ್ಣೂ ಬಿಡದೆ, ಕೆಳಗೆ ಗಣಿಯಲ್ಲಿ ಬಂಡೆ ಸಿಡಿಯಿತು, ಮಲಗು ಅಂದರು. ಸ್ವಲ್ಪ ಹೊತ್ತಿಗೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಮಗ ನೈಟ್ ಶಿಫ್ಟ್‌ನಲ್ಲಿದ್ದ. ಅವನು ಬೆಳಗ್ಗೆ ಸರಿಯಾಗಿಯೇ ಮನೆಗೆ ಬಂದ. ಆದರೆ ಆ ಬಾಗಿಲು, ಹೊರಗಿನ ಬೀದಿ ದೀಪ, ಅವರ ಬೆನ್ನು, ಇಷ್ಟು ಈ ಪುಸ್ತಕ ಓದುವಾಗ ಬಂದು ನನ್ನ ಪಕ್ಕ ಕೂತಿತ್ತು. ಬೆಟ್ಟದ ಮನೆಯ ಕೆಳಗೆ ಎಷ್ಟೋ ಗಣಿ ಕೆಲಸಗಾರರು ಸತ್ತು ಮಣ್ಣಾಗಿದ್ದಾರೆ ಅಂತ ಕಥೆಯಲ್ಲಿ ಬಂದಾಗ ನನಗೆ ಅದು ಬರೀ ಕಥೆ ಅನ್ನಿಸಲಿಲ್ಲ.

ತಪ್ಪುಗಳೂ ಇವೆ. ಮೊದಲ ಅರ್ಧ ನಿಧಾನ, ತುಂಬಾ ನಿಧಾನ. ಹುಡುಗಿ ಕನಸು ಕಾಣುತ್ತಾಳೆ, ಏಳುತ್ತಾಳೆ, ಸಿಗರೇಟು ಹುಡುಕುತ್ತಾಳೆ, ಮತ್ತೆ ಕನಸು. ಕೊನೆಯ ನೂರು ಪುಟ ಅದಕ್ಕೆ ಉಲ್ಟಾ, ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತದೆ, ಮನೆಯ ಗುಟ್ಟನ್ನು ಒಬ್ಬರು ಕೂತು ಪಾಠ ಮಾಡಿದ ಹಾಗೆ ಬಿಡಿಸಿ ಹೇಳುತ್ತಾರೆ. ಅಷ್ಟು ಬಿಡಿಸಬಾರದಿತ್ತು. ಹೆಣ್ಣಿನ ಮೇಲೆ ಬಲವಂತ ಮಾಡುವ ಸೀನುಗಳೂ ಇವೆ, ಅಂಥದ್ದು ಓದಲಾಗದವರು ದೂರ ಇರಿ. ಇಂಗ್ಲಿಷ್ ಸಲೀಸಾಗಿದೆ, ಡಿಕ್ಷನರಿ ಬೇಕಾಗಲ್ಲ.

ಕೊಳ್ಳುವವರಿಗೆ ಒಂದು ಮಾತು. ನನ್ನ ಮೊದಲ ಪ್ರತಿಯನ್ನು ಆನ್‌ಲೈನಿನಲ್ಲಿ ಯಾರೋ ಅರ್ಧ ಬೆಲೆಗೆ ಕೊಡುತ್ತಿದ್ದಾರೆ ಅಂತ ತರಿಸಿದೆ. ಪೈರೇಟೆಡ್ ಮಾಲು. ಗೋಂದಿನ ವಾಸನೆ, ಮಸುಕು ಅಕ್ಷರ, ನೊಯೆಮಿ ನಿದ್ದೆಯಲ್ಲಿ ನಡೆಯುವ ಕಡೆ ಸರಿಯಾಗಿ ಹದಿನಾರು ಪುಟ ಮಾಯ. ಇದೂ ಕಥೆಯ ತಂತ್ರವೇ ಇರಬೇಕು ಅಂದುಕೊಂಡು ಹಾಗೇ ಓದುತ್ತಾ ಹೋದೆ ನೋಡಿ, ಅಂಥ ದಡ್ಡ ನಾನು. ಪೂರ್ತಿ ದುಡ್ಡು ಕೊಟ್ಟು ಒರಿಜಿನಲ್ಲೇ ತಗೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಎರಡನೇ ಪ್ರತಿ ಈಗ ತಂಗಿ ಹತ್ತಿರ ಇದೆ. ನೂರನೇ ಪುಟ ದಾಟಿದರೂ ಇನ್ನೂ ಏನೂ ಆಗಿಲ್ವಲ್ಲೋ ಅಂತ ನಿನ್ನೆ ಮೆಸೇಜ್ ಮಾಡಿದ್ದಾಳೆ. ರಾತ್ರಿ ಒಂದೂವರೆಗೆ.